ಒಂದು ಗೇಣು ಸೂರು

ಲಿಯೋನಾ: ನೀರು ಯಾರದಾದ್ರೇನು, ಬಕೆಟ್ಟು ನಮ್ಮ ಅಟ್ಟದಲ್ಲಿದೆ ತಾನೆ? ಸೋರ್ತದೆ ಅಂತ ಬರಿ.

ಕ್ಲೆಮ್: ಬಕೆಟ್ಟು ನಮ್ದು, ನೀರು ವರ್ನಾದು. ಅವಳ ಸೂರಿಂದ ಇಳಿದು ದಾರಿ ತಪ್ಪಿ ನಮ್ಮ ಕಡೆ ಬರ್ತದೆ. ಪಕ್ಕದ ಮನೆ ನೀರನ್ನ ನನ್ನ ಮನೆ ದೋಷ ಅಂತ ಬರ್ಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ?

ಲಿಯೋನಾ: ಇಪ್ಪತ್ತು ವರ್ಷದಿಂದ ದಾರಿ ತಪ್ತಾನೇ ಇದ್ಯಾ ಆ ನೀರು? ಒಂದು ಮಳೆಗಾದ್ರೂ ತನ್ನ ಮನೆ ಗುರುತು ಸಿಗ್ಲಿಲ್ವಾ ಅದಕ್ಕೆ?

ಕ್ಲೆಮ್: ಒಡತಿ ಹೇಗೋ ನೀರೂ ಹಾಗೇ.

ಅಡುಗೆಮನೆಯ ಮೇಜಿನ ಮೇಲೆ ವಕೀಲರು ಕೊಟ್ಟ ಕಾಗದ ಹರಡಿಕೊಂಡಿತ್ತು. ಮನೆ ಮಾರುವವರು ತಮಗೆ ಗೊತ್ತಿರುವ ಊನಗಳನ್ನೆಲ್ಲ ಕೊಳ್ಳುವವರಿಗೆ ಮೊದಲೇ ತಿಳಿಸಿ ಸಹಿ ಹಾಕಬೇಕು ಎಂಬುದು ಪೆನ್ಸಿಲ್ವೇನಿಯಾದ ಕಾನೂನು. ಕ್ಲೆಮ್ ಯೂರಿಕ್ ಉಳಿದ ಪ್ರಶ್ನೆಗಳಿಗೆಲ್ಲ ಧಾರಾಳಿಯಾಗಿದ್ದ. ನೆಲಮಾಳಿಗೆಗೆ ನೀರು ನುಗ್ಗುತ್ತದೆಯೇ ಎಂದರೆ ಹೌದು. ಕೆಳಗಿನ ಹಳೆಯ ಗಣಿ ಕುಸಿದು ಗೋಡೆ ಬಿರುಕು ಬಿಟ್ಟಿದೆಯೇ ಎಂದರೆ ಹೌದು, ಮುಷ್ಟಿ ತೂರುವಷ್ಟು. ಗೆದ್ದಲು ಇದೆಯೇ ಎಂದರೆ, ಇಲ್ಲದ ಗೆದ್ದಲನ್ನೂ ಹೌದು ಎಂದು ಬರೆದು ಉದಾರತನ ಮೆರೆದಿದ್ದ. ಛಾವಣಿ ಸೋರುತ್ತದೆಯೇ ಎಂಬ ಸಾಲಿಗೆ ಬಂದಾಗ ಮಾತ್ರ ಪೆನ್ನಿನ ಟೋಪಿ ಹಾಕಿ, ಜೇಬಿಗೆ ಇಳಿಸಿ, ಕೈಕಟ್ಟಿ ಕೂತುಬಿಟ್ಟ.

ಅವನ ಹೆಂಡತಿ ಲಿಯೋನಾ ಅವನನ್ನು ಒಡೆದ ಹಾಲು ನೋಡುವ ಹಾಗೆ ನೋಡಿದಳು.

ಲಿಯೋನಾ: ಪೆನ್ನು ತೆಗಿ.

ಕ್ಲೆಮ್: ಗೆದ್ದಲು ಕೊಟ್ಟಿದೀನಲ್ಲ. ಸಾಲ್ದಾ?

ಲಿಯೋನಾ: ಇಲ್ಲದ್ದನ್ನ ಕೊಟ್ಟು ಇರೋದನ್ನ ಮುಚ್ಚಿಡೋ ದಾನಶೂರ ಈ ಜಿಲ್ಲೇಲಿ ನೀನೊಬ್ನೇ ಕಣಪ್ಪ.

ಲಿಯೋನಾಳಿಗೆ ಈ ಮನೆ ಮಾರಿ ಹೋಗಲೇಬೇಕಿತ್ತು. ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿ, ಮಲಗುವ ಕೋಣೆ ಮಹಡಿಯಲ್ಲಿ, ಇದ್ದೊಂದು ಬಚ್ಚಲು ಅದರ ಹಿಂದೆ. ಮೆಟ್ಟಿಲು ಹತ್ತಿ ಇಳಿದು ಅವಳ ಎರಡು ಮಂಡಿಗಳೂ ಸವೆದುಹೋಗಿದ್ದವು. ಚರ್ಚಿನ ಹಿಂದೆ ಹಿರಿಯರಿಗೆಂದು ಕಟ್ಟಿಸಿದ ಮನೆಗಳಲ್ಲಿ ಒಂದು ಖಾಲಿಯಾಗಿತ್ತು. ನೆಲಮಟ್ಟದ್ದು, ಮೆಟ್ಟಿಲೇ ಇಲ್ಲದ್ದು, ಒಗೆಯುವ ಯಂತ್ರ ಅಡುಗೆಯ ಒಲೆಗೆ ಕೈಯಳತೆಯಲ್ಲಿ ಇರುವಂಥದ್ದು. ಸೋಮವಾರದೊಳಗೆ ಹೂಂ ಎನ್ನದಿದ್ದರೆ ಅದು ಸಾಲಿನಲ್ಲಿರುವ ಮುಂದಿನವರ ಪಾಲು. ಹೂಂ ಎನ್ನಬೇಕಾದರೆ ಈ ಮನೆ ಬಿಕರಿಯಾಗಬೇಕು. ಕೊಳ್ಳಲು ಊರಿನಲ್ಲಿ ಮುಂದೆ ಬಂದವಳು ಒಬ್ಬಳೇ: ಗೋಡೆಯಾಚೆಯ ವರ್ನಾ ಪೆಟ್ರಸ್ಕಿ. ಅವಳ ತಂಗಿ ಗಂಡನನ್ನು ಕಳೆದುಕೊಂಡು ಊರಿಗೆ ವಾಪಸು ಬರುತ್ತಿದ್ದಳು, ಅವಳಿಗೊಂದು ಮನೆ ಬೇಕಿತ್ತು.

ಬ್ರೇಕರ್ ಬೀದಿಯ ಮನೆಗಳೆಲ್ಲ ಅವಳಿ. ಗಣಿ ಕಂಪನಿ ಕಟ್ಟಿಸಿದ ಕಾಲದಿಂದ ಒಂದು ಸೂರಿಗೆ ಎರಡು ಸಂಸಾರ, ನಡುವೆ ಕಡ್ಡಿಗೆ ಗಾರೆ ಮೆತ್ತಿದ ಒಂದು ಗೋಡೆ. ಯಾರು ಏನೇ ಮಾಡಿಸಲಿ, ನಡುಗೆರೆಯವರೆಗೆ ಮಾತ್ರ. ಒಂದೇ ಜಗಲಿ ಅರ್ಧ ಹಸಿರು, ಅರ್ಧ ಬಿಳಿ. ಒಂದೇ ಛಾವಣಿ ಅರ್ಧ ಕಂದು, ಅರ್ಧ ಕಪ್ಪು. ನಡುವಿನ ಕಂಬಕ್ಕೆ ಕೂಡ ಎಡಗಡೆ ಒಂದು ಬಣ್ಣ, ಬಲಗಡೆ ಒಂದು ಬಣ್ಣ. ಕುಂಚ ಗೆರೆ ದಾಟಿತೆಂದರೆ ಬಳಿದವನನ್ನು ಊರು ಪೆದ್ದರ ಲೆಕ್ಕಕ್ಕೆ ಸೇರಿಸುತ್ತದೆ.

ಇಪ್ಪತ್ತು ವರ್ಷದ ಹಿಂದೆ ಕ್ಲೆಮ್ ಹಳೆಯ ಹೊದಿಕೆ ಕಿತ್ತು ಹೊಸ ಡಾಂಬರು ಹಾಳೆ ಹೊದಿಸಲು ಹೊರಟಾಗ, ಖರ್ಚಿನಲ್ಲಿ ಅರ್ಧ ಹಾಕು ಎಂದು ವರ್ನಾಳನ್ನು ಕೇಳಿದ್ದ. ತನ್ನ ಅರ್ಧ ಇನ್ನೂ ಗಟ್ಟಿಯಿದೆ, ನಿನ್ನ ಪಾಡು ನೀನು ನೋಡಿಕೋ ಎಂದು ಅವಳು ಬಾಗಿಲು ಹಾಕಿಕೊಂಡಳು. ಆ ಮುನಿಸಿನಲ್ಲಿ ಇವನು ಛಾವಣಿ ಹತ್ತಿ, ತನ್ನ ಹೊಸ ಹಾಳೆಯ ಒಂದಂಗುಲವೂ ಆ ಹೆಂಗಸಿಗೆ ಬಿಟ್ಟಿ ಸಿಗಬಾರದೆಂದು, ನಡುಗೆರೆಗಿಂತ ಒಂದು ಗೇಣು ಈಚೆಗೇ ಕೈ ನಿಲ್ಲಿಸಿ ಇಳಿದುಬಂದ. ಕೆಲವು ವರ್ಷದ ಮೇಲೆ ವರ್ನಾ ಆಳು ಹಚ್ಚಿ ತನ್ನ ಅರ್ಧಕ್ಕೂ ಹೊಸದು ಹೊದಿಸಿದಳು. ಆ ಆಳುಗಳು ಸರಿಯಾಗಿ ಗೆರೆಗೆ ನಿಲ್ಲಿಸಿದರು. ಅಲ್ಲಿಗೆ ಎರಡು ಹೊಸ ಸೂರಿನ ನಡುವೆ, ಕ್ಲೆಮ್‌ನ ಕಡೆ, ಗೇಣಗಲದ ಹಳೆಯ ಸೂರು ಉಳಿಯಿತು. ಮಳೆ ಬಂದಾಗೆಲ್ಲ ನೀರು ಅಲ್ಲಿಂದಲೇ ಇಳಿಯುತ್ತಿತ್ತು.

ಮತ್ತೆ ಏಣಿ ಹಾಕಿ ಮುಚ್ಚಬಹುದಿತ್ತು. ಆದರೆ ಏಣಿ ಹಾಕಿದರೆ ಬೀದಿಯೆಲ್ಲ ಜಗಲಿಗೆ ಬಂದು ಕೂತು ನೋಡುತ್ತದೆ. ಕ್ಲೆಮ್ ಗಣಿಯಲ್ಲಿ ಮರದ ಆಸರೆ ಕೊಡುವ ಬಡಗಿಯಾಗಿದ್ದವನು. ಪಟ್ಟಿ ಹಿಡಿಯದೆ ಕಣ್ಣಳತೆಯಲ್ಲೇ ಕಂಬ ಕೊಯ್ದು ಕೂರಿಸುತ್ತಿದ್ದನೆಂದು ಊರು ಅವನಿಗೆ ಅಳತೆಗೋಲು ಕ್ಲೆಮ್ ಎಂದು ಹೆಸರಿಟ್ಟಿತ್ತು. ನಮ್ಮೂರಿನಲ್ಲಿ ಅಡ್ಡಹೆಸರು ಅಂಟಿತೆಂದರೆ ಅಂಟಿತು. ಪಾದ್ರಿ ಇಟ್ಟ ಹೆಸರು ಮರೆತುಹೋಗುತ್ತದೆ, ಬಾರಿನಲ್ಲಿ ಇಟ್ಟ ಹೆಸರು ಸಮಾಧಿಯವರೆಗೆ ಬರುತ್ತದೆ. ಸತ್ತಾಗ ಪತ್ರಿಕೆಯವರು ನಿಜಹೆಸರಿನ ನಡುವೆ ಅದನ್ನೂ ಅಚ್ಚು ಹಾಕುತ್ತಾರೆ. ಹಾಕದಿದ್ದರೆ ಸತ್ತದ್ದು ಯಾರೆಂದು ಊರಿಗೆ ತಿಳಿಯುವುದಿಲ್ಲ, ಹೂವು ತರುವವರಿರುವುದಿಲ್ಲ.

ಹಾಗಾಗಿ ಕ್ಲೆಮ್ ಏಣಿಯ ಬದಲು ನಾಲಗೆ ಉಪಯೋಗಿಸಿದ. ಊರಿನ ಬೆಂಕಿ ಆರಿಸುವ ದಳದವರು ತಮ್ಮ ಕಟ್ಟಡದ ಹಿಂಬದಿಯಲ್ಲಿ ನಡೆಸುವ ಬಾರಿನಲ್ಲಿ ಪ್ರತಿ ಮಳೆಗೂ ಲೋಟ ಎತ್ತಿ, ವರ್ನಾಳ ಸೂರು ಇವತ್ತು ಎಷ್ಟು ಕುಡಿಯಿತೋ ಎಂದು ಕೇಳುವನು. ಜನ ನಗುವರು. ವರ್ಷ ಕಳೆಯುವುದರೊಳಗೆ ಆ ಹೆಂಗಸು ಜರಡಿ ವರ್ನಾ ಆಗಿಹೋಗಿದ್ದಳು.

ಲಿಯೋನಾ: ಏಣಿ ಹಿಡ್ಕೊಂಡು ಕೆಳಗೆ ನಿಂತಿದ್ದೋಳು ನಾನು. ಗೆರೆ ತನಕ ಹಾಕು ಮಹಾರಾಯ ಅಂತ ಕೂಗಿ ಕೂಗಿ ಗಂಟಲು ಹೋಯ್ತು.

ಕ್ಲೆಮ್: ಈಗ್ಲೂ ಕೂಗ್ತಾನೇ ಇದೀಯ. ಮೆಲ್ಲಗೆ. ಆ ಗೋಡೆ ಇರೋದು ಹೆಸರಿಗೆ.

ಲಿಯೋನಾ: ಅವಳಿಗೆ ಒಂದಂಗ್ಲ ಹೋಗ್ಬಾರ್ದು ಅಂತ ನಮ್ಗೆ ಒಂದು ಗೇಣು ಕಳ್ದೆ. ಈ ಲೆಕ್ಕ ಯಾವ ಸ್ಕೂಲಲ್ಲಿ ಹೇಳ್ಕೊಟ್ರು ನಿಂಗೆ?

ಕ್ಲೆಮ್: ಗೇಣು ಅನ್ನೋದನ್ನಾದ್ರೂ ಮೆಲ್ಲಗೆ ಹೇಳು.

ವಕೀಲರು ಹೇಳಿದ್ದನ್ನು ಲಿಯೋನಾ ಮತ್ತೊಮ್ಮೆ ಒದರಿದಳು. ಗೊತ್ತಿದ್ದೂ ಮುಚ್ಚಿಟ್ಟರೆ ನಾಳೆ ವರ್ನಾ ಕೋರ್ಟಿಗೆ ಎಳೆಯಬಹುದು, ಹೊಸ ಮನೆಯಲ್ಲಿ ಒಂದು ರಾತ್ರಿ ನೆಮ್ಮದಿಯಿಂದ ಕಾಲು ಚಾಚುವಂತಿಲ್ಲ. ಕ್ಲೆಮ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಬೇಕಾದರೆ ಒಲೆಯೂ ಕೆಟ್ಟಿದೆಯೆಂದು ಬರೆಯುತ್ತೇನೆ, ಹೊಗೆಕೊಳವೆಯಲ್ಲಿ ಬಾವಲಿ ಇದೆಯೆಂದು ಬರೆಯುತ್ತೇನೆ, ಬಚ್ಚಲಿನ ನೆಲ ಇನ್ನೊಂದು ಸ್ನಾನ ತಡೆಯುವುದಿಲ್ಲ ಎಂದೂ ಬರೆಯುತ್ತೇನೆ, ಸೂರೊಂದನ್ನು ಬಿಟ್ಟುಬಿಡು ಎಂದ.

ಕ್ಲೆಮ್: ನನ್ನ ಸೂರು ಸೋರ್ತದೆ ಅಂತ ಆ ವರ್ನಾ ಕೈಗೆ ಬರ್ಕೊಡೋದಕ್ಕಿಂತ ಈ ಮನೇಲೇ ಸಾಯ್ತೀನಿ.

ಲಿಯೋನಾ: ಸಾಯಿ. ಪೇಪರ್‌ನೋರಿಗೆ ಯಾವ ಹೆಸರು ಹಾಕ್ಬೇಕು ಅಂತ ನಾನೇ ಹೇಳ್ತೀನಿ. ಗೇಣು ಕ್ಲೆಮ್.

ಆ ಎರಡು ಮಾತು ಜೋಡಿಯಾಗಿ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಕ್ಲೆಮ್ ಕಿಟಕಿಯ ಕಡೆ ತಿರುಗಿ, ಹೊರಗೆ ಯಾರಾದರೂ ಹೋಗುತ್ತಿದ್ದಾರೆಯೇ ಎಂದು ನೋಡಿದ.

ಬೀದಿಯಲ್ಲಿ ಯಾರೂ ಇರಲಿಲ್ಲ. ಜಗಲಿಯಲ್ಲಿ ಹೆಜ್ಜೆ ಸದ್ದಿತ್ತು. ವರ್ನಾ ಪೆಟ್ರಸ್ಕಿ ಬಾಗಿಲು ಬಡಿಯುವ ಅಭ್ಯಾಸ ಇಟ್ಟುಕೊಂಡವಳಲ್ಲ. ಮುಚ್ಚಿದ ಬೋಗುಣಿಯನ್ನು ಎದೆಗವಚಿಕೊಂಡು ನೆಟ್ಟಗೆ ಒಳಗೆ ಬಂದು, ಅದನ್ನು ವಕೀಲರ ಕಾಗದದ ಮೇಲೇ ಕುಕ್ಕಿ, ಕುರ್ಚಿ ಎಳೆದುಕೊಂಡಳು.

ವರ್ನಾ: ಹಲುಶ್ಕಿ ಮಾಡಿದ್ದೆ. ಎಲೆಕೋಸು ಬೆಣ್ಣೇಲಿ ಚೆನ್ನಾಗಿ ಬಾಡಿಸಿದೀನಿ. ಬೆಳಗ್ಗೆಯಿಂದ ಕೂಗಾಡಿ ಹಸಿದಿರ್ತೀರಿ, ತಿನ್ನಿ.

ಲಿಯೋನಾ: ಕೂಗಾಟ ಏನಿಲ್ಲ ವರ್ನಾ. ಕಾಗದ ತುಂಬ್ತಾ ಇದ್ವಿ.

ವರ್ನಾ: ಹೂಂ, ಕೇಳಿಸ್ತು. ಬಕೆಟ್ಟು ನಿಮ್ದಂತೆ, ನೀರು ನಂದಂತೆ. ನಂದಾದ್ರೆ ಕೊಡಿ, ಟೊಮೇಟೊ ಗಿಡಕ್ಕೆ ಹಾಕ್ಕೋತೀನಿ.

ಲಿಯೋನಾಳ ಮುಖಕ್ಕೆ ರಕ್ತ ಏರಿತು. ಕ್ಲೆಮ್ ಮಾತ್ರ ಬಿದ್ದರೂ ಮೀಸೆ ಮಣ್ಣಾಗದವನಂತೆ ಗಂಟಲು ಸರಿಮಾಡಿಕೊಂಡು, ಕಾನೂನಿಗೆ ತಲೆಬಾಗುವ ಸಭ್ಯ ಪ್ರಜೆಯ ಗತ್ತಿನಲ್ಲಿ ಮನೆಯ ಊನಗಳನ್ನು ಒಂದೊಂದಾಗಿ ಹೇಳತೊಡಗಿದ. ವರ್ನಾ ಒಂದೊಂದಕ್ಕೂ ಗೊತ್ತು ಎಂದು ತಲೆಯಾಡಿಸಿದಳು. ನೆಲಮಾಳಿಗೆಗೆ ನೀರು ಬಂದಾಗ ಅವನು ಯಾವ ಯಾವ ಸಂತರ ಹೆಸರು ಹಿಡಿದು ಬೈಯುತ್ತಾನೆಂಬುದೂ ತನಗೆ ಗೊತ್ತು ಎಂದಳು. ಗೋಡೆಯ ಬಿರುಕಿನ ಇನ್ನೊಂದು ತುದಿ ತನ್ನ ಮನೆಯಲ್ಲೇ ಇದೆ, ಅದರಲ್ಲಿ ತಾನು ಜಪಸರ ನೇತುಹಾಕುತ್ತೇನೆ ಎಂದಳು.

ವರ್ನಾ: ಗೆದ್ದಲು ಒಂದು ಹೊಸದು. ಅದು ಎಲ್ಲಿಂದ ಬಂತು?

ಕ್ಲೆಮ್: ಮುಂದೆ ಬಂದ್ರೆ ಅಂತ.

ವರ್ನಾ: ಸೂರು?

ಕ್ಲೆಮ್: ಸೂರಿಗೇನಾಗಿದೆ?

ವರ್ನಾ: ಅದನ್ನೇ ಕೇಳಿದ್ದು. ಏನಾಗಿದೆ?

ಕ್ಲೆಮ್: ಮೇಲಿದೆ.

ಲಿಯೋನಾ ಮೇಜಿನ ಕೆಳಗಿಂದ ಅವನ ಕಾಲಿಗೆ ಒದ್ದಳು. ಮಂಡಿನೋವಿನಲ್ಲಿ ಒದೆತ ಗುರಿ ತಪ್ಪಿ ಕುರ್ಚಿಗೆ ಬಿತ್ತು. ಕ್ಲೆಮ್ ಅಷ್ಟರಲ್ಲಿ ಹೊಸದೊಂದು ದಾರಿ ಕಂಡುಕೊಂಡಿದ್ದ.

ಕ್ಲೆಮ್: ಅಲ್ಲ, ನಿಂಗೆ ಎಲ್ಲಾ ಗೊತ್ತು ಅಂತೀಯಲ್ಲ. ಕಾನೂನಿರೋದು ಗೊತ್ತಿಲ್ದೋರಿಗೆ ತಿಳ್ಸೋಕೆ. ಗೊತ್ತಿದ್ದೋಳಿಗೆ ತಿಳ್ಸೋದೇನು, ಸುಮ್ನೆ ಬಾಯಿನೋವು.

ವರ್ನಾ: ನಂಗೆ ಗೊತ್ತಿದ್ಮೇಲೆ ಹೇಳೋಕೆ ನಿಂಗೇನು ನಷ್ಟ? ಹೇಳು. ನನ್ನ ಕಿವಿಗೇನೂ ಹೊಸದಲ್ಲ.

ಕ್ಲೆಮ್ ಹಲುಶ್ಕಿಯ ಮುಚ್ಚಳ ತೆಗೆದು ಒಳಗೆ ನೋಡಿದ.

ವರ್ನಾ ಆಗ ತನ್ನ ಮಾತು ಬಿಚ್ಚಿದಳು. ದನಿ ಏರಿಸಲಿಲ್ಲ, ಅದೇ ಕೇಳುವವರಿಗೆ ಕಷ್ಟವಾಯಿತು. ತನ್ನ ಸೂರು ಒಂದು ಹನಿ ಸೋರಿದ್ದಿಲ್ಲ, ಹೊಸದು ಹಾಕಿಸಿದ ಮೇಲಂತೂ ಅಟ್ಟದಲ್ಲಿ ಧೂಳು ಬಿಟ್ಟರೆ ಬೇರೇನಿಲ್ಲ ಎಂದಳು. ಮಳೆ ಬಿದ್ದ ರಾತ್ರಿಗಳಲ್ಲಿ ಇವರ ಬಕೆಟ್ಟಿಗೆ ನೀರು ಬೀಳುವುದನ್ನೂ, ಅದರ ಹಿಂದೆಯೇ ಲಿಯೋನಾ ಒಂದು ಗೇಣು, ಒಂದು ಗೇಣು ಎಂದು ಗಂಡನನ್ನು ಚುಚ್ಚುವುದನ್ನೂ ತಾನು ಹಾಸಿಗೆಯಲ್ಲಿ ಕಣ್ಣುಬಿಟ್ಟು ಮಲಗಿ ಕೇಳಿದ್ದೇನೆ ಎಂದಳು. ಕೇಳಿಯೂ ಬಾಯಿ ಬಿಡಲಿಲ್ಲ, ಯಾಕೆಂದರೆ ಜರಡಿ ಹೇಳಿದ ಮಾತನ್ನು ಯಾರು ನಂಬುತ್ತಾರೆ.

ವರ್ನಾ: ಹೋದ ತಿಂಗ್ಳು ಚರ್ಚಿಗೆ ಹೊಸ ಪಾದ್ರಿ ಬಂದ್ರು. ಎಳೇ ಮನುಷ್ಯ, ಊರು ಗೊತ್ತಿಲ್ಲ. ನನ್ನ ಕೈ ಹಿಡಿದು, ನೀವೇ ಅಲ್ವಾ ಜರಡಿ ವರ್ನಾ ಅಂದ್ರು. ಪ್ರೀತಿಯಿಂದಾನೇ ಕೇಳಿದ್ರು.

ಲಿಯೋನಾಳಿಗೆ ಒದೆತ ಗುರಿ ತಪ್ಪಿದ್ದಕ್ಕೆ ಇನ್ನಷ್ಟು ಬೇಸರವಾಯಿತು.

ಲಿಯೋನಾ: ಬೆಲೆ ಕಮ್ಮಿ ಮಾಡ್ತೀವಿ ವರ್ನಾ. ಕಾಗದದ ಮೇಲೆ ಬರ್ದು ಸಹೀನೂ ಹಾಕ್ಸಿ ಕೊಡ್ತೀನಿ.

ವರ್ನಾ: ಒಂದು ಸೆಂಟು ಕಮ್ಮಿ ಬೇಡ. ನೀವು ಕೇಳಿದಷ್ಟೂ ಕೊಡ್ತೀನಿ. ಕಾಗದ ವಕೀಲನ ಬೀರು ಸೇರ್ತದೆ, ಅದನ್ನ ಯಾರು ಓದ್ತಾರೆ? ನನ್ನ ಹೆಸರು ಹೋಗಿರೋದು ಬಾರಲ್ಲಿ. ಅಲ್ಲೇ ವಾಪಸ್ ಕೊಡ್ಲಿ. ಶುಕ್ರವಾರ ಬ್ಲೀನಿ ತಿನ್ನೋಕೆ ಊರೆಲ್ಲ ಬಂದಿರ್ತದೆ. ಇವನು ಎದ್ದು ನಿಂತು, ಸೋರ್ತಾ ಇರೋದು ನನ್ನ ಸೂರು, ಒಂದು ಗೇಣು ಕಮ್ಮಿ ಹಾಕಿದ್ದೋನು ನಾನು ಅಂತ ಹೇಳ್ಲಿ. ಶನಿವಾರ ಬೆಳಗ್ಗೆ ದುಡ್ಡು ಕೊಡ್ತೀನಿ.

ಕ್ಲೆಮ್‌ನ ಕಣ್ಣಮುಂದೆ ಶುಕ್ರವಾರದ ಬಾರು ಬಂದು ನಿಂತಿತು. ತುರಿದ ಆಲೂಗಡ್ಡೆಯ ಬ್ಲೀನಿ ಎಣ್ಣೆಯಲ್ಲಿ ಚುರುಗುಡುತ್ತಿದೆ, ಕಾಗದದ ತಟ್ಟೆ ಹಿಡಿದವರೆಲ್ಲ ಅಗಿಯುವುದನ್ನು ನಿಲ್ಲಿಸಿ ಇವನ ಕಡೆ ತಿರುಗಿದ್ದಾರೆ. ಅವರ ಬಾಯಲ್ಲಿ ಹೊಸ ಹೆಸರು ಆಗಲೇ ಹದವಾಗುತ್ತಿದೆ.

ಕ್ಲೆಮ್: ಐನೂರು ಡಾಲರ್ ಕಮ್ಮಿ ಕೊಡು.

ವರ್ನಾ: ಪೂರ್ತಿ ಕೊಡ್ತೀನಿ.

ಕ್ಲೆಮ್: ಸಾವಿರ ಕಮ್ಮಿ. ಹಿಮ ತಳ್ಳೋ ಯಂತ್ರಾನೂ ಬಿಟ್ಟುಹೋಗ್ತೀನಿ.

ವರ್ನಾ: ಯಂತ್ರ ನಂಗೆ ಬೇಡ. ಇನ್ನೂರು ಜಾಸ್ತಿ ಕೊಡ್ತೀನಿ.

ಕ್ಲೆಮ್: ಎರಡು ಸಾವಿರ ಕಮ್ಮಿ ಅಂದೆ. ಉಳಿದಿರೋ ಕಲ್ಲಿದ್ದಲೂ ನಿಂದೇ.

ವರ್ನಾ: ಮುನ್ನೂರು ಜಾಸ್ತಿ. ಬಾರಲ್ಲಿ ನಿನ್ನ ಬಿಯರಿಗೂ ನಾನೇ ಕೊಡ್ತೀನಿ.

ಮಾರುವವನು ಇಳಿಸುತ್ತಿದ್ದಾನೆ, ಕೊಳ್ಳುವವಳು ಏರಿಸುತ್ತಿದ್ದಾಳೆ. ವ್ಯಾಪಾರ ಎಂದರೇನೆಂದು ಬಲ್ಲ ಯಾರಾದರೂ ಆ ಹೊತ್ತಿಗೆ ಒಳಗೆ ಬಂದಿದ್ದರೆ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಲಿಯೋನಾಳ ಕಣ್ಣೆದುರು ಮೆಟ್ಟಿಲಿಲ್ಲದ ಮನೆ ಇಂಚಿಂಚಾಗಿ ಹಿಂದೆ ಸರಿಯುತ್ತಿತ್ತು. ಗಂಡ ಇಳಿಸಿದ ಪ್ರತಿಯೊಂದು ಡಾಲರೂ ಅವಳ ಮಂಡಿಯಿಂದಲೇ ಕತ್ತರಿಸಿ ಕೊಟ್ಟದ್ದು. ಒಬ್ಬ ಗಂಡಸು ಹೆಂಡತಿಯ ಕಾಲು ಮಾರಿ ತನ್ನ ಹೆಸರು ಉಳಿಸಿಕೊಳ್ಳುವುದನ್ನು ಅವಳು ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ಗಂಡನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಛಾವಣಿಯ ಸಾಲಿನಲ್ಲಿ ತನಗೆ ಗೊತ್ತಿದ್ದದ್ದನ್ನೆಲ್ಲ ಬರೆದಳು. ಬರೆದು ಕೆಳಗೆ ಸಹಿ ಹಾಕಿದಳು.

ಲಿಯೋನಾ: ಮನೆ ಪತ್ರದಲ್ಲಿ ನನ್ನ ಹೆಸರೂ ಇದೆ. ನನ್ನ ಅರ್ಧ ನಾನು ತಿಳ್ಸಿದ್ದಾಯ್ತು. ವರ್ನಾ, ನನ್ನ ಅರ್ಧ ತಗೋ, ಅರ್ಧ ದುಡ್ಡು ಕೊಡು. ಆ ದುಡ್ಡಲ್ಲಿ ನಾನೊಬ್ಳು ಚರ್ಚಿನ ಹಿಂದಿನ ಮನೆಗೆ ಹೋಗ್ತೀನಿ. ಇವನ ಅರ್ಧ ಇವನ ಹತ್ರಾನೇ ಇರ್ಲಿ, ಇವನೂ ಇಲ್ಲೇ ಇರ್ಲಿ.

ಕ್ಲೆಮ್: ಹಾಗೆಲ್ಲ ಅರ್ಧ ಮಾರೋಕೆ ಕಾನೂನು ಬಿಡಲ್ಲ.

ಲಿಯೋನಾ: ಓಹೋ, ಕಾನೂನು ಈಗ ನೆನಪಾಯ್ತಾ ನಿಂಗೆ?

ವರ್ನಾ: ಇರು ಇರು. ನನ್ನ ತಂಗಿ ಬಂದಾಗ ಇವನು ಎಲ್ಲಿರ್ತಾನೆ?

ಲಿಯೋನಾ: ಮನೇಲೇ. ಅವಳು ಮುಂದಿನ ಕೋಣೇಲಿ, ಇವನು ಹಿಂದಿನ ಕೋಣೇಲಿ. ಅಡುಗೆಮನೆ, ಬಚ್ಚಲು ಇಬ್ರಿಗೂ ಸೇರಿ. ಅಂದ್ಮೇಲೆ ಇವನ ದೋಷಾನೂ ತಿಳ್ಸೋದು ನನ್ನ ಧರ್ಮ. ಕೂತ್ಕೋ, ಹೇಳ್ತೀನಿ.

ಅವಳು ಹೇಳತೊಡಗಿದಳು. ನಲವತ್ತಾರು ವರ್ಷದ ಸಂಸಾರ ಬಾಯಿಪಾಠವಾಗಿದ್ದ ಹೆಂಗಸಿಗೆ ತಡವರಿಸುವ ಪ್ರಮೇಯವಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕಲ್ಲಿದ್ದಲ ಒಲೆಯ ಬೂದಿಯನ್ನು ಇಡೀ ಬೀದಿ ಏಳುವಂತೆ ಜಾಲರಿ ಅಲುಗಾಡಿಸಿ ಉದುರಿಸುತ್ತಾನೆ. ಅಕಾರ್ಡಿಯನ್ ನುಡಿಸುತ್ತಾನೆ, ಒಂದೇ ಪೋಲ್ಕಾ ಕುಣಿತದ ರಾಗ ಬರುತ್ತದೆ, ಅದೂ ಅರ್ಧ. ಡೊಂಕಾದ ಮೊಳೆ ಎಸೆಯುವುದಿಲ್ಲ, ಅದರ ಡಬ್ಬಿಗಳು ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇರುತ್ತವೆ. ಗಣಿಯಲ್ಲಿ ಛಾವಣಿ ಬಿದ್ದ ಕಥೆಯನ್ನು ಊಟಕ್ಕೆ ಕೂತಾಗೆಲ್ಲ ಹೇಳುತ್ತಾನೆ, ಪ್ರತಿ ಸಲ ಬೇರೆಯವರು ಸಾಯುತ್ತಾರೆ.

ವರ್ನಾ: ಇವೆಲ್ಲಾ ಗೊತ್ತು. ಗೊರಕೆಗೆ ನನ್ನ ಮಂಚಾನೂ ಅಲ್ಲಾಡ್ತದೆ.

ಲಿಯೋನಾ: ಗೋಡೆಯಾಚೆಯಿಂದ ನೀನು ಕೇಳಿದೀಯ ಅಷ್ಟೇ. ನಿನ್ನ ತಂಗಿ ನೋಡ್ಬೇಕಾಗ್ತದೆ. ಹಲ್ಲು ಸೆಟ್ಟು ರಾತ್ರಿ ಇಡೋದು ಎಲ್ಲಿ ಗೊತ್ತಾ? ಕಾಫಿ ಲೋಟದಲ್ಲಿ. ಯಾವ ಲೋಟ ಕೈಗೆ ಸಿಗ್ತದೋ ಅದ್ರಲ್ಲಿ. ಸೆಕೆಗಾಲ ಬಂತು ಅಂದ್ರೆ ಚಡ್ಡಿಯೊಂದ್ರಲ್ಲೇ ಇಡೀ ಮನೆ ತಿರುಗ್ತಾನೆ, ಯಾರಾದ್ರೂ ಬಂದ್ರೆ ಟೋಪಿ ಹಾಕ್ಕೋತಾನೆ.

ವರ್ನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ತನ್ನ ತಂಗಿ ಮೊದಲೇ ಹೆದರಿಕೆಯ ಹೆಂಗಸು, ಗಂಡ ಸತ್ತು ವರ್ಷ ಕೂಡ ಆಗಿಲ್ಲ ಎಂದಳು. ಕ್ಲೆಮ್ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ತನ್ನ ಮೇಲೆ ಭಾಷಣ ನಡೆಯುತ್ತಿರುವ ಸನ್ಮಾನಿತನ ಹಾಗೆ ಕೇಳುತ್ತಿದ್ದ. ಹೆಂಡತಿ ಇಷ್ಟೆಲ್ಲ ಗಮನಿಸಿದ್ದಾಳೆಂದು ಅವನಿಗೆ ಒಳಗೊಳಗೇ ಹೆಮ್ಮೆ. ವ್ಯಾಪಾರ ಮುರಿದುಬಿದ್ದರೆ ಶುಕ್ರವಾರದ ಮಾತೂ ಅಲ್ಲಿಗೇ ಮುಗಿಯಿತು ಎಂಬ ಲೆಕ್ಕ ಬೇರೆ. ಹಲುಶ್ಕಿಗೆ ಕೈ ಹಾಕಿದ.

ಲಿಯೋನಾ: ಇನ್ನೊಂದಿದೆ. ಇದು ನಂಗೊಬ್ಳಿಗೇ ಗೊತ್ತಿರೋದು.

ಕ್ಲೆಮ್‌ನ ಕೈ ಬಾಯಿಯ ದಾರಿಯಲ್ಲೇ ನಿಂತಿತು.

ಕ್ಲೆಮ್: ಲಿಯೋನಾ.

ಲಿಯೋನಾ: ಮದುವೆಯಾದ ವಾರದಲ್ಲೇ ಗೊತ್ತಾಯ್ತು ವರ್ನಾ. ಅವತ್ತಿಂದ ಇವತ್ತಿನ ತನಕ ಅಮ್ಮನಿಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ.

ಕ್ಲೆಮ್: ಲಿಯೋನಾ, ಅದು ಬೇಡ.

ಲಿಯೋನಾ: ಕಾನೂನು ಕ್ಲೆಮ್. ಗೊತ್ತಿದ್ದೂ ಮುಚ್ಚಿಟ್ರೆ ನಾಳೆ ವರ್ನಾ ನನ್ನ ಕೋರ್ಟಿಗೆ ಎಳೀತಾಳೆ. ವರ್ನಾ, ಕುರ್ಚಿ ಹತ್ರ ಎಳ್ಕೋ.

ವರ್ನಾ ಎಳೆದುಕೊಂಡಳು.

ಕ್ಲೆಮ್: ಪೆನ್ನು ಕೊಡು.

ಪೆನ್ನು ಕೊಟ್ಟಳು. ಅವನು ಹೆಂಡತಿ ಬರೆದದ್ದನ್ನು ಓದದೆ ಅದರ ಕೆಳಗೆ ಸಹಿ ಗೀಚಿದ. ಕಾಗದ ಅಲ್ಲಲ್ಲಿ ಹರಿಯಿತು.

ಲಿಯೋನಾ: ಶುಕ್ರವಾರ?

ಕ್ಲೆಮ್: ಹೇಳ್ತೀನಿ.

ಲಿಯೋನಾ: ಎದ್ದು ನಿಂತು?

ಕ್ಲೆಮ್: ನಿಂತೇ ಹೇಳ್ತೀನಿ.

ವರ್ನಾ: ಎಷ್ಟು ಕಮ್ಮಿ ಅಂತ ಹೇಳ್ತೀಯ?

ಕ್ಲೆಮ್: ನಾಲ್ಕು ಬೆರಳು ಅಂತೀನಿ.

ಲಿಯೋನಾ ವರ್ನಾಳ ಕಿವಿಯ ಕಡೆ ಬಾಗಿದಳು.

ಕ್ಲೆಮ್: ಗೇಣು. ಒಂದು ಗೇಣು. ಪೂರ್ತಿ ಗೇಣು.

ವರ್ನಾ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದು ಸಹಿಗಳನ್ನು ನೋಡಿದಳು, ಕೊಳ್ಳುವವರ ಜಾಗದಲ್ಲಿ ತನ್ನದನ್ನೂ ಹಾಕಿದಳು. ಕ್ಲೆಮ್ ಎದ್ದು, ಕಲ್ಲಿದ್ದಲು ನೋಡುವ ನೆವ ಹೇಳಿ, ಯಾರ ಮುಖವನ್ನೂ ನೋಡದೆ ನೆಲಮಾಳಿಗೆಗೆ ಇಳಿದುಹೋದ. ಕೊನೆಯ ಮೆಟ್ಟಿಲಿನಲ್ಲಿ ಅವನು ಯಾವುದೋ ಸಂತರನ್ನು ನೆನೆದದ್ದು ಮೇಲಕ್ಕೆ ಕೇಳಿಸಿತು. ಅವನ ಸದ್ದು ಅಡಗುವುದನ್ನೇ ಕಾದಿದ್ದ ವರ್ನಾ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು.

ವರ್ನಾ: ಈಗ ಹೇಳು. ಆ ಇನ್ನೊಂದು ಏನು?

ಲಿಯೋನಾ ಬೋಗುಣಿಯಿಂದ ಹಲುಶ್ಕಿ ಬಡಿಸಿಕೊಂಡು, ಎರಡು ತುತ್ತು ನಿಧಾನವಾಗಿ ತಿಂದಳು.

ಲಿಯೋನಾ: ತಿಳ್ಸಬೇಕಾಗಿರೋದು ಮಾರೋ ವಸ್ತುದು ಮಾತ್ರ, ವರ್ನಾ. ಅವನನ್ನ ನಾನು ಜೊತೇಲೇ ತಗೊಂಡು ಹೋಗ್ತಿದೀನಿ.